ಮಾಡೆಲ್ ಕಾರಿನ ಕ್ರೋಮ್ ತೆಗೆಯುವುದು ಹೇಗೆ?

ಗಲ್ಫಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಚಾಕಲೇಟು, ಸೆಂಟಿನ ಜೊತೆ ಒಮ್ಮೊಮ್ಮೆ ಪ್ಲಾಸ್ಟಿಕ್ ಮಾಡೆಲ್ ಕಿಟ್ಟೂ ಇರುತ್ತದೆ. ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಹುಡುಗರು 1/24 ಅಳತೆಯ ಕಾರು ಜೋಡಿಸಿ ತಂದು ತೋರಿಸುತ್ತಾರೆ. ಬಾಡಿಯ ಬಣ್ಣ ಚೆನ್ನಾಗಿಯೇ ಇರುತ್ತದೆ. ಬಂಪರು, ಗ್ರಿಲ್ಲು, ರಿಮ್ಮು ಮಾತ್ರ ಜಾತ್ರೆಯ ಆಟಿಕೆಯ ಹಾಗೆ ಮಿರಮಿರ. ಆ ಹೊಳಪಿನ ಮೇಲೆಯೇ ಬಣ್ಣ ಬಳಿದವರ ಪಾಡು ಇನ್ನೂ ಕಷ್ಟ, ಉಗುರು ತಾಗಿದಲ್ಲಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಹೆಸರಿಗಷ್ಟೇ ಅದು ಕ್ರೋಮ್. ನಿಜಕ್ಕೂ ಇರುವುದು ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ ಅಲ್ಯೂಮಿನಿಯಂನ ತೀರಾ ತೆಳು ಪದರ. ಅದರಡಿಯಲ್ಲಿ, ಮೈ ನುಣುಪಾಗಲಿ ಎಂದು ಬಳಿದ ವಾರ್ನಿಷ್. ಎರಡನ್ನೂ ತೆಗೆಯಬೇಕು. ಮಾಡೆಲ್ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು. ನಡುವೆ ಈ ಪದರಗಳಿದ್ದರೆ ಅದು ಹಿಡಿಯುವುದಿಲ್ಲ. ಹೆಡ್‌ಲೈಟಿನ ಒಳಗಿನ ಬಟ್ಟಲು ಒಂದನ್ನು ಹಾಗೇ ಬಿಡಿ, ಆ ಹೊಳಪು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಉಳಿದದ್ದೆಲ್ಲ ಕಳಚಲೇಬೇಕು ಎಂಬುದು ನನ್ನ ಹಟ.

ಮೊದಲನೆಯದು, ಅಂದರೆ ಅಲ್ಯೂಮಿನಿಯಂ ಪದರ, ತೆಗೆಯುವುದು ಸುಲಭ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಟ್ಟೆಗೆ ಹಾಕುವ ಬ್ಲೀಚ್ ಸುರಿದು ಬಿಡಿಭಾಗಗಳನ್ನು ಮುಳುಗಿಸಿ. ಚೀಟಿಯಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಎಂದಿರಬೇಕು. ಬಣ್ಣದ ಬಟ್ಟೆಗೆಂದು ಮಾರುವ ಬ್ಲೀಚ್ ಈ ಕೆಲಸಕ್ಕೆ ಬಾರದು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬಾಟಲಿಯಲ್ಲಿ ಸತ್ವ ಉಳಿದಿರುವುದಿಲ್ಲ. ಬಾವಿಗೆ ಹಾಕಿ ಮಿಕ್ಕ ಬ್ಲೀಚಿಂಗ್ ಪೌಡರನ್ನು ಕದಡಿ ಸುರಿಯುವವರಿದ್ದಾರೆ. ಬೇಡ ಮಾರಾಯ್ರೇ, ಅದರ ಸುಣ್ಣದ ಗಸಿ ಗ್ರಿಲ್ಲಿನ ಸಂದಿಯಲ್ಲಿ ಕೂತರೆ ತೆಗೆಯುವುದೇ ಒಂದು ಕೆಲಸ. ಕೆಲವು ಕಿಟ್ಟುಗಳ ಹೊಳಪು ನಿಮಿಷಗಳಲ್ಲೇ ಹೋಗುತ್ತದೆ, ಕೆಲವಕ್ಕೆ ರಾತ್ರಿಯಿಡೀ ಬೇಕು. ಕಿಟಕಿ ತೆರೆದಿರಲಿ, ಕೈಗವಸು ಇರಲಿ. ಬೇಗ ಆಗಲೆಂದು ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ಏಳುವುದು ಕ್ಲೋರಿನ್ ಅನಿಲ, ಪ್ರಾಣಕ್ಕೇ ಸಂಚಕಾರ.

ಹೊಳಪು ಹೋಯಿತು, ಕೆಲಸ ಮುಗಿಯಿತು ಎಂದುಕೊಳ್ಳುವುದು ಇಲ್ಲೇ. ಬ್ಲೀಚ್ ತಿಂದದ್ದು ಅಲ್ಯೂಮಿನಿಯಂ ಮಾತ್ರ, ವಾರ್ನಿಷ್ ಹಾಗೇ ಕೂತಿದೆ. ಬಿಡಿಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ತುಸು ಹಳದಿ ಛಾಯೆ, ಮೂಲೆಗಳಲ್ಲಿ ಹನಿ ನಿಂತು ಒಣಗಿದಂಥ ದಪ್ಪ ಕಂಡರೆ ಅದೇ. ಅನುಮಾನವಿದ್ದರೆ ಭಾಗಗಳನ್ನು ಹಿಡಿದಿಟ್ಟಿದ್ದ ಕಡ್ಡಿಯ ಮೇಲೆ ಸೂಜಿಯಿಂದ ಗೀರಿ. ಪ್ಲಾಸ್ಟಿಕ್ ಆದರೆ ಸುರುಳಿಯಾಗಿ ಏಳುತ್ತದೆ, ವಾರ್ನಿಷ್ ಆದರೆ ಹುಡಿಯಾಗಿ ಇಲ್ಲವೇ ಚಕ್ಕೆಯಾಗಿ ಉದುರುತ್ತದೆ. ಇದನ್ನು ಬಿಟ್ಟು ಬಣ್ಣ ಹೊಡೆದರೆ ಬಣ್ಣದ ಥಿನ್ನರ್ ಕೆಳಗಿನ ವಾರ್ನಿಷನ್ನು ಉಬ್ಬಿಸಿ ಸುಕ್ಕು ಮಾಡುತ್ತದೆ. ಆಮೇಲೆ ಎಲ್ಲರೂ ಬೈಯುವುದು ಬಣ್ಣದ ಕಂಪೆನಿಯನ್ನು!

ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ ನೀರಿನಲ್ಲಿ ತೊಳೆಯಿರಿ. ಬ್ಲೀಚ್ ಮತ್ತು ಸ್ಪಿರಿಟ್ ಒಂದಕ್ಕೊಂದು ಸೇರಲೇಬಾರದು. ಬಳಿಕ ಆ ಸ್ಪಿರಿಟಿನಲ್ಲಿ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ, ನೆನೆಹಾಕಿ. ಸ್ಯಾನಿಟೈಸರ್ ಜೆಲ್ ಬೇಡ, ಅದರ ಲೋಳೆ ಸಂದಿಯಲ್ಲಿ ಉಳಿಯುತ್ತದೆ. ಕೆಲವು ಗಂಟೆ ಬಿಟ್ಟು ಹಳೆಯ ಮೆತ್ತನೆ ಟೂತ್‌ಬ್ರಶ್ಶಿನಿಂದ ಉಜ್ಜಿ. ಮೆದುವಾದ ವಾರ್ನಿಷ್ ಅಂಟಂಟಾಗಿ ಬ್ರಶ್ಶಿಗೆ ಹತ್ತುತ್ತದೆ, ಮೂಲೆಯದನ್ನು ಬಿದಿರಿನ ಟೂತ್‌ಪಿಕ್‌ನಿಂದ ಎಬ್ಬಿಸಿ. ಮತ್ತೆ ನೆನೆಹಾಕಿ, ಮತ್ತೆ ಉಜ್ಜಿ. ಅಸಿಟೋನ್, ಪೆಟ್ರೋಲ್, ಪೇಂಟಿನಂಗಡಿಯ ಎನ್‌ಸಿ ಥಿನ್ನರ್ ಹತ್ತಿರವೂ ತರಬೇಡಿ, ಅವು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಹಾಳುಮಾಡುತ್ತವೆ.

ತೆಂಗಿನೆಣ್ಣೆ ಸಾಬೂನು ಮಾಡುವ ಮನೆಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಅಲ್ಯೂಮಿನಿಯಂ ಅನ್ನು ಬ್ಲೀಚಿಗಿಂತ ಬೇಗ ತಿನ್ನುತ್ತದೆ, ಎಷ್ಟೋ ಸಲ ವಾರ್ನಿಷನ್ನೂ ಸಡಿಲಿಸುತ್ತದೆ. ಆದರೆ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳ ಕೈಗಂತೂ ಬೇಡವೇ ಬೇಡ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಕದಡಿದಾಗ ನೀರು ಕಾಯುತ್ತದೆ, ಆರಿದ ಮೇಲೆ ಭಾಗಗಳನ್ನು ಹಾಕಿ, ಇಲ್ಲವಾದರೆ ಸಣ್ಣ ತುಂಡುಗಳು ಸೊಟ್ಟಗಾದಾವು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕದಡಿದರೆ ಮೊದಲು ಪಾತ್ರೆಯೇ ತೂತಾಗುತ್ತದೆ.

ನಿಜವಾದ ಕಾರಿನ ಪ್ಲಾಸ್ಟಿಕ್ ಗ್ರಿಲ್ಲಿಗೆ ಈ ಉಪಾಯ ನಡೆಯದು. ಅಲ್ಲಿರುವುದು ವಿದ್ಯುಲ್ಲೇಪನದಿಂದ ಒಂದರ ಮೇಲೊಂದು ಕೂರಿಸಿದ ತಾಮ್ರ, ನಿಕ್ಕಲ್, ಕ್ರೋಮಿಯಂ.

ಕಳಚಿದ ಮೇಲೆ ಸಾಬೂನು ನೀರಿನಲ್ಲಿ, ಚಹಾ ಸೋಸುವ ಜರಡಿಯೊಳಗಿಟ್ಟು ತೊಳೆಯಿರಿ. ಇಲ್ಲದಿದ್ದರೆ ಸೈಡ್ ಮಿರರ್ ಸಿಂಕಿನ ತೂತಿನಲ್ಲಿ ಮಾಯ. ಅಂಗಳದ ಬಿಸಿಲಿಗಿಡದೆ ನೆರಳಿನಲ್ಲಿ ಒಣಗಿಸಿ. ಕ್ರೋಮಿನಡಿ ಅಡಗಿದ್ದ ಅಚ್ಚಿನ ಗೆರೆಗಳು ಈಗ ಕಾಣುತ್ತವೆ, ಉಪ್ಪುಕಾಗದದಿಂದ ಉಜ್ಜಿ. ಮತ್ತೆ ಲೋಹದ ಹೊಳಪೇ ಬೇಕಿದ್ದರೆ ಮೊದಲು ಹೊಳಪಿನ ಕಪ್ಪು, ಅದು ಪೂರ್ತಿ ಒಣಗಿದ ಮೇಲೆ ತೆಳುವಾಗಿ ಅಲ್ಯೂಮಿನಿಯಂ ಬಣ್ಣ. ಆಟಿ ತಿಂಗಳ ಮಳೆಯಲ್ಲಿ ಲ್ಯಾಕರ್ ಸ್ಪ್ರೇ ಹಿಡಿಯಬೇಡಿ, ತೇವದ ಗಾಳಿಗೆ ಬಣ್ಣ ಹಾಲಿನ ಬಿಳುಪಿಗೆ ತಿರುಗುತ್ತದೆ.