ಸೂಜಿ ಸಣ್ಣದಾಯಿತು, ಹನಿ ಸಣ್ಣದಾಗಲಿಲ್ಲ

ಸೂಜಿಯಿಂದ ಹೊರಬರುವ ದ್ರವವನ್ನು ಹೆಚ್ಚಿನ ವೋಲ್ಟೇಜಿನಿಂದ ಎಳೆದು ಸಣ್ಣ ಹನಿಗಳಾಗಿ ಒಡೆಯುವ ಸ್ಥಾಯೀವಿದ್ಯುತ್ ತುಂತುರಿನ ಕೆಲಸಕ್ಕೆ ಕೈಹಾಕಿದಾಗ, ಸೂಜಿ ತೆಳುವಾದಷ್ಟೂ ಹನಿ ಕಿರಿದಾಗುತ್ತದೆ ಎಂದೇ ನಾನು ನಂಬಿದ್ದೆ. ಎಥನಾಲ್ ಹನಿಯು ದಾರಿಯಲ್ಲೇ ಆರಿ ಕುಗ್ಗುವುದರಿಂದ ಅದನ್ನು ಬಿಟ್ಟು, ಬೇಗ ಆರದ ಎಥಿಲೀನ್ ಗ್ಲೈಕಾಲನ್ನು ಆರಿಸಿಕೊಂಡೆ. ಲೋಹದ ತಟ್ಟೆಯಿಂದ 10 ಮಿ.ಮೀ. ದೂರದಲ್ಲಿ ಮೊದಲು 0.7 ಮಿ.ಮೀ. ಹೊರವ್ಯಾಸದ ಸೂಜಿಯನ್ನೂ ಆಮೇಲೆ 0.4 ಮಿ.ಮೀ. ಸೂಜಿಯನ್ನೂ ಹೂಡಿ ನೋಡಿದೆ. ಬೇಕಾದ ವೋಲ್ಟೇಜ್ ಸುಮಾರು 5 ಕಿಲೋವೋಲ್ಟ್‌ನಿಂದ 4.2ಕ್ಕೆ ಇಳಿಯಿತು, ಗಾಜಿನ ಪಟ್ಟಿಯ ಮೇಲೆ ಹಿಡಿದ ಹನಿಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವೋಲ್ಟೇಜ್ ಕಡಿಮೆಯಿದ್ದು ದ್ರವ ತೊಟ್ಟಿಕ್ಕುವಾಗ ಹನಿಯ ಗಾತ್ರ ಸೂಜಿಯ ವ್ಯಾಸವನ್ನು ಅನುಸರಿಸುತ್ತದೆ. ವೋಲ್ಟೇಜ್ ಏರಿ ಸೂಜಿಯ ತುದಿಯ ದ್ರವ ಶಂಕುವಿನಂತೆ ಚಾಚಿಕೊಂಡ ಮೇಲೆ, ಅಂದರೆ ಟೇಲರ್ ಶಂಕು ಮೂಡಿದ ಮೇಲೆ, ಹನಿ ಹುಟ್ಟುವುದು ಸೂಜಿಯ ಬಾಯಲ್ಲಲ್ಲ, ಶಂಕುವಿನ ತುದಿಯಿಂದ ಹೊರಡುವ, ಕೂದಲಿಗಿಂತ ತೆಳುವಾದ ಎಳೆ ಒಡೆಯುವಲ್ಲಿ. ಆ ಎಳೆಯ ದಪ್ಪ ಮುಖ್ಯವಾಗಿ ಹರಿವಿನ ಪ್ರಮಾಣವನ್ನೂ ದ್ರವದ ವಿದ್ಯುತ್ ವಾಹಕತೆಯನ್ನೂ ಅವಲಂಬಿಸಿದೆ. ಹನಿಯ ವ್ಯಾಸ ಸರಿಸುಮಾರು ಹರಿವಿನ ಘನಮೂಲದಂತೆ ಬದಲಾಗುವುದರಿಂದ, ಅದನ್ನು ಅರ್ಧಕ್ಕಿಳಿಸಲು ಹರಿವನ್ನು ಎಂಟನೇ ಒಂದು ಪಾಲಿಗೆ ತರಬೇಕು. ಅಷ್ಟು ಸಣ್ಣ ಹರಿವಿನಲ್ಲಿ ಶಂಕು ಅಲುಗದೆ ನಿಲ್ಲುವುದೇ ಕಷ್ಟ, ಎಲೆಕ್ಟ್ರೋಡಿನ, ಅಂದರೆ ಸೂಜಿಯಂಥ ವೋಲ್ಟೇಜ್ ಹೊತ್ತ ಲೋಹದ ಭಾಗದ, ಆಕಾರ ಲೆಕ್ಕಕ್ಕೆ ಬರುವುದೂ ಅಲ್ಲಿಯೇ.

ನನ್ನ ಶಂಕು ನಿಲ್ಲಲಿಲ್ಲ, ಮಿಡಿಯುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಸೂಜಿ ಕತ್ತರಿಸಿದ ಅಂಚಿನಲ್ಲಿ ಒಂದು ಮುಳ್ಳು ಉಳಿದಿತ್ತು, ದ್ರವ ಹೊರಗೋಡೆಯ ಮೇಲೇರಿ ಶಂಕುವಿನ ಬುಡವನ್ನೇ ಅಗಲಿಸುತ್ತಿತ್ತು. ಸೂಜಿಯನ್ನು ನೆಟ್ಟಗೆ ಹಿಡಿದು ನಯವಾದ ಉಪ್ಪುಕಾಗದದ ಮೇಲೆ ಅಂಚು ಮಟ್ಟವಾಗುವವರೆಗೆ ಉಜ್ಜಿ, ಹೊರಮೈಗೆ ದ್ರವ ಅಂಟದಂಥ ಲೇಪನ ಕೊಟ್ಟ ಮೇಲೆ ಬುಡ ಅಂಚಿನಲ್ಲೇ ನಿಂತಿತು. ಇಷ್ಟು ಸಣ್ಣ ಕೆಲಸವನ್ನು ಮೊದಲೇ ಮಾಡದೆ ವಾರಗಟ್ಟಲೆ ವೋಲ್ಟೇಜಿನ ಗುಂಡಿ ತಿರುಗಿಸುತ್ತಾ ಕುಳಿತಿದ್ದೆ.

ಆಮೇಲೆ ಸೂಜಿಯ ಮುಂದೆ ಉಂಗುರ ಎಲೆಕ್ಟ್ರೋಡ್ ಇಟ್ಟೆ. ಆಗ ಸೂಜಿಯ ತುದಿಯ ವಿದ್ಯುತ್ ಕ್ಷೇತ್ರವನ್ನು ಹೆಚ್ಚಾಗಿ ಉಂಗುರವೇ ನಿರ್ಧರಿಸುವುದರಿಂದ, ತಟ್ಟೆಯನ್ನು ಹಿಂದೆ ಮುಂದೆ ಸರಿಸಿದರೂ ಶಂಕು ಅಷ್ಟಾಗಿ ಕದಲುವುದಿಲ್ಲ. ಆದರೆ ಉಂಗುರ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದಾಗ ಎಳೆ ಓರೆಯಾಗಿ, ಹನಿಗಳು ಉಂಗುರದ ಒಳಅಂಚಿಗೆ ಬಡಿದವು. ಅಲ್ಲಿ ಸೇರಿದ ದ್ರವದ ಉಬ್ಬು ತಾನೇ ಒಂದು ಚೂಪು ತುದಿಯಾಗಿ ಕಿಡಿ ಹಾರಿಸಿತು; ಪಟ್ಟಿಯ ಮೇಲೆ ದೊಡ್ಡವೂ ಚಿಕ್ಕವೂ ಬೆರೆತ ಹನಿಗಳು ಬಿದ್ದವು. ಅಂಚನ್ನು ದುಂಡಗೆ ಮಾಡಿ, ಮೇಲಿನಿಂದಲೂ ಪಕ್ಕದಿಂದಲೂ ನೋಡಿ ನಡುವಿಗೆ ತಂದ ಮೇಲೆ, ಹರಿವನ್ನು ನಾಲ್ಕನೇ ಒಂದು ಪಾಲಿಗೆ ಇಳಿಸಿದರೂ ಶಂಕು ಉಳಿಯಿತು.