ಬಣ್ಣ ನೋಡುವ ಮೊದಲು ಲೋಡ್ ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ನಾನು ವೈರಿಂಗ್ ಮತ್ತು ಪಂಪಿನ ಕೆಲಸ ಮಾಡುತ್ತೇನೆ. ಅಡಿಕೆ ತೋಟಕ್ಕೆ ನೀರು ಹಾಕುವ ಕಾಲದಲ್ಲಿ ಪಂಪ್ ನಿಂತರೆ ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದಕ್ಕೇ ಬಿಸಿಯನ್ನು ಬಣ್ಣದಲ್ಲಿ ತೋರಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಥರ್ಮಲ್ ಕ್ಯಾಮೆರಾ ತೆಗೆದುಕೊಂಡೆ. ಸುಡುವ ಮೊದಲೇ ಲೂಸ್ ಕನೆಕ್ಷನ್ ಸಿಗಬೇಕು, ಅಷ್ಟೇ ನನ್ನ ಆಸೆ.

ಪಂಪ್ ಆಫ್ ಇದ್ದಾಗ ಫೋಟೋ ತೆಗೆದು ಪ್ರಯೋಜನವಿಲ್ಲ. ಕರೆಂಟ್ ಅರ್ಧವಾದರೆ ಜಾಯಿಂಟಿನಲ್ಲಿ ಹುಟ್ಟುವ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಪಂಪ್ ಪೂರ್ತಿ ಲೋಡಿನಲ್ಲಿ ಅರ್ಧ ಗಂಟೆಯಾದರೂ ಓಡಲಿ. ಕ್ಲಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ಬರೆದುಕೊಂಡ ಮೇಲೆಯೇ ನಾನು ಕ್ಯಾಮೆರಾ ಎತ್ತುವುದು. ಪ್ಯಾನೆಲ್ ಬಾಗಿಲು ತೆಗೆಯಲೇಬೇಕು, ಗಾಜು ಅಥವಾ ಅಕ್ರಿಲಿಕ್ ದಾಟಿ ಇದು ನೋಡುವುದಿಲ್ಲ. ಒಳಗೆ ಕರೆಂಟ್ ಇರುತ್ತದೆ. ಗ್ಲೌಸ್ ಮತ್ತು ಕಾಲಡಿಗೆ ರಬ್ಬರ್ ಮ್ಯಾಟ್ ಇಲ್ಲದೆ ನಾನು ಬಾಗಿಲು ಮುಟ್ಟುವುದಿಲ್ಲ.

ಒಂದು ತೋಟದಲ್ಲಿ ಮನೆಯವರು ಪರದೆ ನೋಡಿ ಗಾಬರಿಯಾದರು. “ಇಷ್ಟು ಕೆಂಪಾಗಿದೆಯಲ್ಲ, ಸ್ಟಾರ್ಟರ್ ಬದಲಿಸಬೇಕಾ?”

“ಬೇಡ ಅಣ್ಣ, ಅದು ಕಾಂಟ್ಯಾಕ್ಟರಿನ, ಅಂದರೆ ಸ್ಟಾರ್ಟರ್ ಒಳಗಿನ ಸ್ವಿಚ್ಚಿನ ಕಾಯಿಲ್. ಓಡುವಾಗ ಬಿಸಿಯಾಗುವುದು ಅದರ ಗುಣ.”

ಕ್ಯಾಮೆರಾ ತಾನೇ ಬಣ್ಣ ಹಂಚುತ್ತದೆ. ಎರಡೇ ಡಿಗ್ರಿ ವ್ಯತ್ಯಾಸ ಇದ್ದರೂ ಜಾಸ್ತಿ ಇರುವುದನ್ನು ಕೆಂಪು ಮಾಡಿ ತೋರಿಸಬಹುದು. ಅದಕ್ಕೆ ನಾನು ಒಂದು ಫೇಸನ್ನು ಇನ್ನೊಂದರ ಜೊತೆ ಹೋಲಿಸುತ್ತೇನೆ. ಮೂರರಲ್ಲೂ ಆಂಪಿಯರ್ ಒಂದೇ, ಆದರೆ ಒಂದರ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಮಾತ್ರ ಬಿಸಿ, ವೈರಿನ ಉದ್ದಕ್ಕೂ ಹೋದ ಹಾಗೆ ತಣ್ಣಗಾಗುತ್ತದೆ ಅಂದರೆ ಜಾಯಿಂಟ್ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ವೈರ್ ಇಡೀ ಬಿಸಿಯಾಗಿದ್ದರೆ ಅದರ ದಪ್ಪ ಸಾಲದು, ಅಥವಾ ಲೋಡ್ ಜಾಸ್ತಿ.

ಹೊಳೆಯುವ ತಾಮ್ರ, ಅಲ್ಯೂಮಿನಿಯಂ ಮೇಲೆ ಕಾಣುವ ಡಿಗ್ರಿಯನ್ನು ನಂಬಬೇಡಿ. ಅವು ತಮ್ಮ ಬಿಸಿಯನ್ನು ಕಿರಣವಾಗಿ ಹೊರಗೆ ಬಿಡುವುದು ಬಹಳ ಕಡಿಮೆ. ಸುತ್ತಲಿನ ಬಿಸಿ ಕನ್ನಡಿಯಲ್ಲಿ ಕಂಡ ಹಾಗೆ ಅದರ ಮೇಲೆ ಕಾಣುತ್ತದೆ, ನಮ್ಮ ಮೈಯ ಬಿಸಿ ಕೂಡ. ಮೇನ್ ಆಫ್ ಮಾಡಿ, ಟೆಸ್ಟರಿನಲ್ಲಿ ನೋಡಿಕೊಂಡು, ಲಗ್ಗಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸುತ್ತೇನೆ. ಮತ್ತೆ ಓಡಿಸಿ, ಎಮಿಸಿವಿಟಿ (ಮೇಲ್ಮೈ ಬಿಸಿಯನ್ನು ಕಿರಣವಾಗಿ ಎಷ್ಟು ಬಿಡುತ್ತದೆ ಎನ್ನುವ ಅಂಕಿ) 0.95 ಇಟ್ಟು ಟೇಪಿನ ಮೇಲೆ ಅಳೆಯುತ್ತೇನೆ.

ದೂರವೂ ಮುಖ್ಯ. ನನ್ನ ಕ್ಯಾಮೆರಾದ ಚಿತ್ರದಲ್ಲಿ 256 ಬೈ 192 ಚುಕ್ಕೆ (ಪಿಕ್ಸೆಲ್), ನೋಟದ ಅಗಲ 50 ಡಿಗ್ರಿ. ಒಂದು ಮೀಟರ್ ದೂರದಲ್ಲಿ ಒಂದೊಂದು ಚುಕ್ಕೆಗೆ ಸುಮಾರು ಮೂರೂವರೆ ಮಿಲಿಮೀಟರ್ ಜಾಗ ಬರುತ್ತದೆ. ಸರಿಯಾಗಿ ಅಳೆಯಲು ಕನಿಷ್ಠ ಮೂರು ಚುಕ್ಕೆ ಅಗಲ ಬೇಕು, ಅಂದರೆ ಒಂದು ಸೆಂಟಿಮೀಟರಿಗಿಂತ ಸಣ್ಣ ಲಗ್ ಆದರೆ ಇನ್ನೂ ಹತ್ತಿರ ಹೋಗಬೇಕು.

ಮಳೆಗಾಲದಲ್ಲಿ ಟೆರೇಸ್ ಸೋರಿಕೆ ನೋಡಲೂ ಕರೆಯುತ್ತಾರೆ. ಗೋಡೆಯೊಳಗಿನ ನೀರು ಇದಕ್ಕೆ ಕಾಣುವುದಿಲ್ಲ. ನೀರು ಆರುವಾಗ ತಣ್ಣಗಾದ ಮೇಲ್ಮೈ ಮಾತ್ರ ಕಾಣುತ್ತದೆ. ಜಡಿಮಳೆಯಲ್ಲಿ ಗಾಳಿಯೇ ತೇವ ಇರುವಾಗ ವ್ಯತ್ಯಾಸ ಅಷ್ಟಾಗಿ ಸಿಗುವುದಿಲ್ಲ. ಮಳೆ ಬಿಟ್ಟ ಮೇಲೆ ಫ್ಯಾನ್ ಹಾಕಿಸಿ ನೋಡುತ್ತೇನೆ. ತಣ್ಣಗಿನ ಕಲೆ ಕಂಡ ಜಾಗಕ್ಕೆಲ್ಲ ಮಾಯಿಶ್ಚರ್ ಮೀಟರ್ ಒತ್ತುತ್ತೇನೆ. ಎರಡೂ ಒಂದೇ ಹೇಳಿದರೆ ಮಾತ್ರ ಅಲ್ಲಿ ಒಡೆಯಲು ಹೇಳುತ್ತೇನೆ.