ಹೊಸ ರೈಫಲ್ ತೋಟಾ ಕೊಳ್ಳುವ ಮುನ್ನ: ಹಳೆಯ ಕ್ಯಾಲಿಬರ್‌ನೊಂದಿಗೆ ತೂಗಿ ನೋಡುವ ಬಗೆ

ಅಮೆರಿಕದ ಬೇಟೆ ಕೋವಿಗಳ ಮಾರುಕಟ್ಟೆಗೆ ಒಂದೆರಡು ವರ್ಷಕ್ಕೊಮ್ಮೆಯಾದರೂ ಹೊಸದೊಂದು ತೋಟಾ (ಗುಂಡು, ಮದ್ದು, ಅವನ್ನು ಹಿಡಿದಿಡುವ ಲೋಹದ ಕೇಸು ಎಲ್ಲ ಸೇರಿದ್ದು) ಬರುತ್ತದೆ. 6.5 ಕ್ರೀಡ್‌ಮೂರ್ 2007ರಲ್ಲಿ ಬಂದಿತು, 2021ರಲ್ಲಿ 6.8 ವೆಸ್ಟರ್ನ್, 2022ರಲ್ಲಿ 7 ಎಂಎಂ ಪಿಆರ್‌ಸಿ, 2025ರಲ್ಲಿ 7 ಎಂಎಂ ಬ್ಯಾಕ್‌ಕಂಟ್ರಿ ಬಂದವು. ಪ್ರತಿಯೊಂದರ ಜಾಹೀರಾತೂ ಹಳೆಯದನ್ನು ಮೂಲೆಗಿಡಬೇಕೆಂದೇ ಹೇಳುತ್ತದೆ. ಆದರೆ 1906ರ .30-06, 1925ರ .270 ವಿಂಚೆಸ್ಟರ್ ಮತ್ತು 1952ರ .308 ವಿಂಚೆಸ್ಟರ್ ಇಂದಿಗೂ ಅಂಗಡಿಯ ಕಪಾಟಿನಿಂದ ಇಳಿದಿಲ್ಲ. ಹೊಸ ತೋಟಾ ನಿಜವಾಗಿಯೂ ಮೇಲೋ ಅಲ್ಲವೋ ಎಂಬುದನ್ನು ಮಾರಾಟಗಾರನ ಮಾತಿಗೆ ಬಿಡದೆ ತಾವೇ ಪರೀಕ್ಷಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯುಳ್ಳ ಕೊಡವರಿಗೂ ಆ ವಿನಾಯಿತಿಯಿಂದ ಬೇಟೆಯ ಹಕ್ಕು ಬರುವುದಿಲ್ಲ. ಆದ್ದರಿಂದ ಈ ಮಾತುಗಳು ಬೇಟೆಗೆ ಕಾನೂನಿನ ಅವಕಾಶವಿರುವ ಕಡೆ, ಮುಖ್ಯವಾಗಿ ಅಮೆರಿಕದಲ್ಲಿ, ನೆಲೆಸಿರುವ ಕನ್ನಡಿಗರಿಗೆ ಅನ್ವಯಿಸುತ್ತವೆ. ಅಲ್ಲಿಯೂ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಅಥವಾ ಮದ್ದುಗುಂಡು ಹೊಂದಿರುವುದನ್ನು ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವುದು ಅದಕ್ಕಿರುವ ಮುಖ್ಯ ವಿನಾಯಿತಿಗಳಲ್ಲೊಂದು. ತೋಟಾದ ಗುಣದೋಷಗಳನ್ನು ಲೆಕ್ಕ ಹಾಕುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲು ನಿಮ್ಮ ದೂರವನ್ನು ಗೊತ್ತುಮಾಡಿಕೊಳ್ಳಿ

ಎಷ್ಟು ದೂರಕ್ಕೆ ಎಂದು ಕೇಳದೆ ಯಾವ ತೋಟಾ ಉತ್ತಮ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ನಿಮ್ಮ ದೂರವನ್ನು ತಿಳಿಯಲು ದುಬಾರಿ ಉಪಕರಣವೇನೂ ಬೇಡ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಭಾಗ ಸುಮಾರು 8 ಇಂಚು ಅಗಲದ್ದು. ಅಷ್ಟೇ ಅಗಲದ ಕಾಗದದ ತಟ್ಟೆಗಳನ್ನು ಅಧಿಕೃತ ಶೂಟಿಂಗ್ ರೇಂಜಿನಲ್ಲಿ 100, 200, 300 ಗಜಗಳಲ್ಲಿ ನಿಲ್ಲಿಸಿ. ಮೇಜಿನ ಮೇಲೆ ಮರಳುಚೀಲಕ್ಕೆ ಕೋವಿ ಒರಗಿಸಿ ಹೊಡೆಯುವುದು ಈ ಪರೀಕ್ಷೆಗೆ ಲೆಕ್ಕಕ್ಕಿಲ್ಲ. ಕಾಡಿನಲ್ಲಿ ಹೊಡೆಯುವಂತೆಯೇ ಮಂಡಿಯೂರಿ, ಕುಳಿತು, ಅಥವಾ ಊರುಗೋಲಿಗೆ ಕೋವಿ ಆನಿಸಿ, ತಣ್ಣಗಿರುವ ನಳಿಗೆಯಿಂದ ಐದು ಗುಂಡು ಹಾರಿಸಿ. ಐದೂ ತಟ್ಟೆಯೊಳಗೆ ಬೀಳುವ ಅತಿ ಹೆಚ್ಚಿನ ದೂರವೇ ನಿಮ್ಮ ದೂರ. ಒಂದು ಗುಂಡು ಹೊರಬಿದ್ದರೂ ಆ ದೂರವನ್ನು ಬಿಟ್ಟುಬಿಡಬೇಕು, ಏಕೆಂದರೆ ಹೊರಬಿದ್ದ ಆ ಗುಂಡು ಬೇಟೆಯಲ್ಲಿ ಗಾಯಗೊಂಡು ಓಡುವ ಪ್ರಾಣಿಯಾಗಿರುತ್ತದೆ.

ಬಹುಪಾಲು ಬೇಟೆಗಾರರಿಗೆ ಈ ಪರೀಕ್ಷೆಯ ಉತ್ತರ 300 ಗಜದೊಳಗೇ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಪೆನ್ಸಿಲ್ವೇನಿಯಾ ಅಥವಾ ಮಿಷಿಗನ್‌ನ ದಟ್ಟ ಕಾಡಿನಲ್ಲಿ ಬಿಳಿಬಾಲದ ಜಿಂಕೆ ನೂರು ಗಜದಾಚೆ ಕಾಣುವುದೇ ಅಪರೂಪ. ವಯೋಮಿಂಗಿನ ಬಯಲಿನಲ್ಲಿ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಯನ್ನು ಅರಸುವವನ ಲೆಕ್ಕ ಬೇರೆ.

ಸಮಾನ ನೆಲೆಯ ಹೋಲಿಕೆ

ಜಾಹೀರಾತಿನ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಹೊಸ ತೋಟಾಕ್ಕೆ ಅತ್ಯುತ್ತಮ ಗುಂಡನ್ನೂ ಹಳೆಯದಕ್ಕೆ ಸಾಧಾರಣ ಗುಂಡನ್ನೂ ಕೊಡಲಾಗುತ್ತದೆ. ನೀವು ಹೋಲಿಸುವಾಗ ಎರಡಕ್ಕೂ ಈ ಕಾಲದ ಗುಂಡನ್ನೇ ಆರಿಸಬೇಕು ಮತ್ತು ನಳಿಗೆಯ ಉದ್ದವನ್ನು ಒಂದೇ ಇಡಬೇಕು. ಡಬ್ಬಿಯ ಮೇಲಿನ ವೇಗ ಹೆಚ್ಚಾಗಿ 24 ಇಂಚಿನ ಪರೀಕ್ಷಾ ನಳಿಗೆಯದು. ನಿಮ್ಮ ಕೋವಿಯ ನಳಿಗೆ 20 ಅಥವಾ 22 ಇಂಚಿನದಾದರೆ ವೇಗ ಕಡಿಮೆಯೇ ಇರುತ್ತದೆ. ಸಾಧ್ಯವಾದರೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಎರವಲು ತಂದು ಅಳೆಯಿರಿ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. .270 ವಿಂಚೆಸ್ಟರ್‌ನ 130 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 3,060 ಅಡಿ ವೇಗದಲ್ಲಿ ಹೊರಡುತ್ತದೆ, 6.5 ಕ್ರೀಡ್‌ಮೂರ್‌ನ 143 ಗ್ರೇನ್ ಗುಂಡಿನ ವೇಗ 2,700 ಅಡಿ. ಎರಡನ್ನೂ 200 ಗಜಕ್ಕೆ ಗುರಿ ಹೊಂದಿಸಿದರೆ, 300 ಗಜದಲ್ಲಿ .270 ಸುಮಾರು ಆರೂವರೆ ಇಂಚು ಕೆಳಗೆ ಬೀಳುತ್ತದೆ, ಕ್ರೀಡ್‌ಮೂರ್ ಸುಮಾರು ಎಂಟು ಇಂಚು. ಅಂದರೆ ಬೇಟೆಯ ಸಾಮಾನ್ಯ ದೂರದಲ್ಲಿ ಹೆಚ್ಚು ನೇರವಾಗಿ ಹಾರುವುದು 1925ರ ತೋಟಾವೇ. ನಳಿಗೆಯ ಬಾಯಲ್ಲಿ ಅದರ ಶಕ್ತಿಯೂ ಹೆಚ್ಚು: ಸುಮಾರು 2,700 ಅಡಿ-ಪೌಂಡ್, ಕ್ರೀಡ್‌ಮೂರ್‌ನದು ಸುಮಾರು 2,300.

ಗಾಳಿಯ ಲೆಕ್ಕಕ್ಕೆ ಬಂದರೆ ಚಿತ್ರ ನಿಧಾನವಾಗಿ ತಿರುಗುತ್ತದೆ. ಗಾಳಿಯ ತಡೆಯನ್ನು ಗುಂಡು ಎಷ್ಟು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ ಎಂಬುದನ್ನು ಬ್ಯಾಲಿಸ್ಟಿಕ್ ಕೋಎಫಿಷಿಯಂಟ್ ಎಂಬ ಸಂಖ್ಯೆ ತಿಳಿಸುತ್ತದೆ. .270ರ 130 ಗ್ರೇನ್ ಗುಂಡಿನ ಸಂಖ್ಯೆ 0.43ರ ಆಸುಪಾಸಿನಲ್ಲಿದ್ದರೆ, ಉದ್ದನೆಯ 143 ಗ್ರೇನ್ ಗುಂಡಿನದು 0.625. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿಯಲ್ಲಿ 300 ಗಜದಲ್ಲಿ ಇವೆರಡೂ ಪಕ್ಕಕ್ಕೆ ಸರಿಯುವ ಅಳತೆಯ ನಡುವಿನ ವ್ಯತ್ಯಾಸ ಒಂದು ಇಂಚಿಗಿಂತ ಹೆಚ್ಚಿಲ್ಲ. 500 ಗಜದಲ್ಲಿ ಅದು ಮೂರು ಇಂಚಿನಷ್ಟಾಗುತ್ತದೆ, ಮತ್ತು ಅಷ್ಟು ಹೊತ್ತಿಗೆ ಶಕ್ತಿಯಲ್ಲೂ ಕ್ರೀಡ್‌ಮೂರ್ ಸರಿಸಮಕ್ಕೆ ಬಂದಿರುತ್ತದೆ. ಇದನ್ನು ಇಟ್ಟುಕೊಂಡು ನಿಮ್ಮ ತಟ್ಟೆಯ ಪರೀಕ್ಷೆಯ ಉತ್ತರವನ್ನು ಮತ್ತೊಮ್ಮೆ ನೋಡಿ. 250 ಗಜವೇ ನಿಮ್ಮ ಮಿತಿಯಾದರೆ, ಹೊಸ ತೋಟಾ ಕೊಡುವ ಲಾಭ ನಿಮ್ಮ ಕೈ ನಡುಗುವುದರೊಳಗೇ ಕಳೆದುಹೋಗುತ್ತದೆ. ಯಾವ ಎರಡು ತೋಟಾಗಳ ನಡುವೆಯೂ ಇದೇ ಲೆಕ್ಕವನ್ನು ತಯಾರಕರು ಉಚಿತವಾಗಿ ಒದಗಿಸುವ ಬ್ಯಾಲಿಸ್ಟಿಕ್ ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿಕೊಳ್ಳಬಹುದು.

ನಿಜವಾಗಿ ಬದಲಾಗಿರುವುದು ಗುಂಡು ಮತ್ತು ನಳಿಗೆ

ನೂರು ವರ್ಷಗಳ ಸುಧಾರಣೆಯ ಬಹುಪಾಲು ನಡೆದಿರುವುದು ಹಿತ್ತಾಳೆಯ ಕೇಸಿನಲ್ಲಲ್ಲ, ಅದರ ತುದಿಯಲ್ಲಿ ಕೂತಿರುವ ಗುಂಡಿನಲ್ಲಿ. ಒಳಗೆ ಅಡ್ಡಗೋಡೆಯಿದ್ದು ಹಿಂಭಾಗ ಒಡೆಯದಂತೆ ರೂಪಿಸಿದ ನೋಸ್ಲರ್ ಪಾರ್ಟಿಷನ್ ಗುಂಡು 1948ರಲ್ಲಿ ಮಾರುಕಟ್ಟೆಗೆ ಬಂದಿತು. 1989ರಲ್ಲಿ ಬಾರ್ನ್ಸ್ ಕಂಪನಿಯ ಪೂರ್ತಿ ತಾಮ್ರದ ಗುಂಡು ಬಂದಿತು. ವೇಗದಿಂದ ಹುಟ್ಟುವ ಬಿಸಿಗೆ ಪ್ಲಾಸ್ಟಿಕ್ ತುದಿ ಮೆತ್ತಗಾಗುತ್ತದೆಂಬುದನ್ನು ಡಾಪ್ಲರ್ ರೇಡಾರಿನಲ್ಲಿ ಗಮನಿಸಿದ ಹಾರ್ನಡಿ ಕಂಪನಿಯವರು 2015ರಲ್ಲಿ ಬಿಸಿ ತಡೆಯುವ ತುದಿಯ ಗುಂಡುಗಳನ್ನು ತಂದರು. ಇವುಗಳಲ್ಲಿ ಯಾವುದನ್ನೂ ಹೊಸ ತೋಟಾಗಳಿಗೆ ಮಾತ್ರ ಮೀಸಲಿಟ್ಟಿಲ್ಲ. ಅಜ್ಜನ .30-06ಕ್ಕೂ ಇವು ಸಿಗುತ್ತವೆ.

ಹಾಗಾದರೆ ಹೊಸ ತೋಟಾದ ಹೆಚ್ಚುಗಾರಿಕೆ ಎಲ್ಲಿಂದ ಬರುತ್ತದೆ? ಉತ್ತರ ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿದೆ. ಗುಂಡು ಉದ್ದವಾದಷ್ಟೂ ಅದು ತಲೆಕೆಳಗಾಗದೆ ಹಾರಲು ಹೆಚ್ಚು ವೇಗವಾಗಿ ತಿರುಗಬೇಕು. ಅದಕ್ಕಾಗಿ ಸುರುಳಿ ಬಿಗಿಯಾಗಿರಬೇಕು. .270ರ ಸುರುಳಿ 10 ಇಂಚಿಗೊಂದು ಸುತ್ತು ಎಂದು 1925ರಲ್ಲೇ ನಿಂತುಹೋದ ಕಾರಣ ಅದರ ಗುಂಡುಗಳು ಬಹುಮಟ್ಟಿಗೆ 150 ಗ್ರೇನ್‌ನ ಆಚೆ ಬೆಳೆಯಲಿಲ್ಲ. 6.8 ವೆಸ್ಟರ್ನ್ ಹಾರಿಸುವುದೂ ಅದೇ .277 ಇಂಚು ವ್ಯಾಸದ ಗುಂಡನ್ನೇ, ಆದರೆ 8 ಅಥವಾ 7.5 ಇಂಚಿಗೊಂದು ಸುತ್ತಿನ ನಳಿಗೆಯಿಂದ. ಹೀಗಾಗಿ 165, 175 ಗ್ರೇನ್‌ನ ಉದ್ದನೆಯ ಗುಂಡು ಅದಕ್ಕೆ ದಕ್ಕುತ್ತದೆ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಮತ್ತು 7 ಎಂಎಂ ಪಿಆರ್‌ಸಿಯ ನಡುವಿನ ಅಂತರದ ಬಹುಪಾಲು ಕೂಡ ಇಂಥದ್ದೇ: 1962ರ ಮ್ಯಾಗ್ನಮ್‌ಗೆ ಸಾಮಾನ್ಯವಾಗಿ 9 ಅಥವಾ 9.5 ಇಂಚಿನ ಸುರುಳಿ, ಪಿಆರ್‌ಸಿಗೆ 8 ಇಂಚಿನದು.

6.5 ಕ್ರೀಡ್‌ಮೂರ್ ಮತ್ತು .260 ರೆಮಿಂಗ್ಟನ್‌ಗಳ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1997ರ .260 ಕೂಡ ಅದೇ ವ್ಯಾಸದ ಗುಂಡನ್ನು ಹೆಚ್ಚುಕಡಿಮೆ ಅದೇ ವೇಗದಲ್ಲಿ ಹಾರಿಸುತ್ತಿತ್ತು. ಆದರೆ ಅದರ ಕೇಸಿನ ಉದ್ದ 2.035 ಇಂಚು, ಕ್ರೀಡ್‌ಮೂರ್‌ನದು 1.920, ಆ ಒಂದಿಷ್ಟು ಜಾಗ ಉಳಿದದ್ದರಿಂದ ಉದ್ದನೆಯ ಗುಂಡು ಕೇಸಿನೊಳಕ್ಕೆ ಹೆಚ್ಚು ಹುದುಗದೆ ಗಿಡ್ಡ ಆಕ್ಷನ್ನಿನ (ತೋಟಾವನ್ನು ನಳಿಗೆಗೆ ತಳ್ಳುವ ಯಂತ್ರಭಾಗದ) ಮ್ಯಾಗಜೀನಿನಲ್ಲಿ ಕೂರುತ್ತದೆ. ಜೊತೆಗೆ ಬಿಗಿ ಸುರುಳಿಯೂ ಕಾರ್ಖಾನೆಯ ಒಳ್ಳೆಯ ತೋಟಾಗಳೂ ಮೊದಲ ದಿನದಿಂದಲೇ ದೊರೆತವು. ಕೋವಿ, ಗುಂಡು, ತೋಟಾ ಮೂರನ್ನೂ ಒಟ್ಟಿಗೆ ಯೋಚಿಸಿದ್ದೇ ಅದರ ಗೆಲುವು. ಇನ್ನು 1894ರ 6.5×55 ಸ್ವೀಡಿಷ್ ತೋಟಾಕ್ಕೆ ಮೊದಲಿನಿಂದಲೂ ಬಿಗಿ ಸುರುಳಿಯೇ ಇತ್ತು. ಸ್ಕ್ಯಾಂಡಿನೇವಿಯಾದವರು ಅದರಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯಾಡಿದ್ದಾರೆ, ಕ್ರೀಡ್‌ಮೂರ್ ಬಂದಾಗ ಅವರಿಗೆ ಅಷ್ಟೇನೂ ಆಶ್ಚರ್ಯವಾಗಿರಲಾರದು.

ನಿಮ್ಮ ಕೋವಿಯ ಸುರುಳಿಯನ್ನು ನಳಿಗೆಯ ಮೇಲಿನ ಗುರುತಿನಲ್ಲಿ ಓದಿಕೊಳ್ಳಬಹುದು. ಗುರುತಿಲ್ಲದಿದ್ದರೆ, ಕೋವಿ ಖಾಲಿಯಿರುವುದನ್ನು ಎರಡು ಬಾರಿ ಖಚಿತಪಡಿಸಿಕೊಂಡು, ತನ್ನಷ್ಟಕ್ಕೆ ತಿರುಗುವ ಹಿಡಿಯುಳ್ಳ ಶುಚಿಗೊಳಿಸುವ ಸಲಾಕೆಗೆ ಬಿಗಿಯಾದ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆ ತಳ್ಳಿ. ಸಲಾಕೆಯ ಮೇಲೆ ಗುರುತು ಹಾಕಿಕೊಂಡು, ಅದು ಪೂರ್ತಿ ಒಂದು ಸುತ್ತು ತಿರುಗುವಷ್ಟರಲ್ಲಿ ಎಷ್ಟು ಇಂಚು ಒಳಗೆ ಹೋಯಿತೆಂದು ಅಳೆದರೆ ಅದೇ ನಿಮ್ಮ ಸುರುಳಿಯ ಅಳತೆ. ಉದ್ದನೆಯ ಗುಂಡು ಕೊಳ್ಳುವ ಮುನ್ನ, ಅದಕ್ಕೆ ಬೇಕಾದ ಸುರುಳಿ ಎಷ್ಟೆಂದು ತಯಾರಕರು ಹೇಳಿರುವುದರೊಂದಿಗೆ ಇದನ್ನು ತಾಳೆ ನೋಡಿ. ತಾಳೆಯಾದರೆ ಹೊಸ ಕೋವಿಯ ಖರ್ಚು ಉಳಿಯಿತು.

ಪ್ರಾಣಿಯನ್ನು ಮುಟ್ಟುವ ವೇಗ, ಭುಜಕ್ಕೆ ಬೀಳುವ ಒದೆತ

ಗುಂಡು ಪ್ರಾಣಿಯ ದೇಹದಲ್ಲಿ ಅರಳಲು ಕನಿಷ್ಠ ಒಂದು ವೇಗದಲ್ಲಿ ತಗುಲಬೇಕು. ಬಹಳಷ್ಟು ಸೀಸದ ಗುಂಡುಗಳಿಗೆ ಅದು ಸೆಕೆಂಡಿಗೆ 1,800 ಅಡಿಯ ಆಸುಪಾಸಿನಲ್ಲಿರುತ್ತದೆ. ತಾಮ್ರದ ಅನೇಕ ಗುಂಡುಗಳು ಇನ್ನೂ ಹೆಚ್ಚು ಬೇಡುತ್ತವೆ. ಕ್ಯಾಲ್ಕ್ಯುಲೇಟರಿನ ಪಟ್ಟಿಯಲ್ಲಿ ವೇಗ ಈ ಮಿತಿಗಿಂತ ಕೆಳಗಿಳಿಯುವ ದೂರವನ್ನು ಗುರುತಿಸಿ. ಆ ದೂರ ನಿಮ್ಮ ತಟ್ಟೆಯ ದೂರಕ್ಕಿಂತ ಆಚೆಯಿದ್ದರೆ ನಿಮ್ಮ ಹಳೆಯ ತೋಟಾದಲ್ಲಿ ಕೊರತೆಯಿಲ್ಲ. ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ ಅವರಿಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ ಕೋವಿಯ ತೋಟಾ 1892ರ 7×57 ಮೌಸರ್‌ನದೇ ಇನ್ನೊಂದು ಹೆಸರು. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಬಿದ್ದದ್ದು ಅದರಿಂದಲೇ. ಹತ್ತಿರದ ದೂರದಲ್ಲಿ ಸರಿಯಾದ ಜಾಗಕ್ಕೆ ಬಿದ್ದ ಗುಂಡಿಗೆ ಹೊಸತು ಹಳತೆಂಬ ಭೇದವಿಲ್ಲ.

ಒದೆತದ ವಿಷಯದಲ್ಲಿ ಮಾತ್ರ ಪ್ರಾಮಾಣಿಕರಾಗಿರಬೇಕು. ಎಂಟು ಪೌಂಡ್ ತೂಕದ ಕೋವಿಯಲ್ಲಿ 6.5 ಕ್ರೀಡ್‌ಮೂರ್‌ನ ಒದೆತ ಸುಮಾರು 12-13 ಅಡಿ-ಪೌಂಡ್, .270ರದು 17ರ ಆಸುಪಾಸು, .30-06ರದು 20ರ ಹತ್ತಿರ, .300 ವಿಂಚೆಸ್ಟರ್ ಮ್ಯಾಗ್ನಮ್‌ನದು 25 ದಾಟುತ್ತದೆ. ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವಾಗ ಕಣ್ಣು ಮುಚ್ಚುವವರ ಗುಂಡು ಎಲ್ಲಿ ಬೇಕಾದರೂ ಹೋಗಬಹುದು. ಇದನ್ನು ಪತ್ತೆಹಚ್ಚಲು, ರೇಂಜಿನಲ್ಲಿ ಗೆಳೆಯರೊಬ್ಬರು ನಿಮಗೆ ತಿಳಿಯದಂತೆ ತೋಟಾದ ನಡುವೆ ಡಮ್ಮಿಯನ್ನೂ (ಹಾರದ ನಕಲಿ ತೋಟಾವನ್ನೂ) ತುಂಬಿಕೊಡಲಿ. ಡಮ್ಮಿಗೆ ಕುದುರೆ ಎಳೆದಾಗ ನಳಿಗೆಯ ಮೂತಿ ಕುಣಿದರೆ ನಿಮಗೆ ಬೇಕಿರುವುದು ಇನ್ನೂ ಹಗುರವಾದ ತೋಟಾ. ಕ್ರೀಡ್‌ಮೂರ್ ಅಷ್ಟೊಂದು ಜನಪ್ರಿಯವಾಗಿರುವುದಕ್ಕೆ ದೂರದ ಗುರಿಗಿಂತ ಈ ಸೌಮ್ಯತೆಯೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಹೊಸದೇ ಬೇಕಾಗುವ ಸಂದರ್ಭಗಳು

ಕೆಲವು ಕಡೆ ಹೊಸ ತೋಟಾಕ್ಕೆ ನಿಜವಾದ ಕೆಲಸವಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ, ಆಗ ಬಿಗಿ ಸುರುಳಿಯ ನಳಿಗೆ ಉಪಯೋಗಕ್ಕೆ ಬರುತ್ತದೆ. ಹಳೆಯ ಕೋವಿಯಿದ್ದವರು ಸ್ವಲ್ಪ ಹಗುರವಾದ ತಾಮ್ರದ ಗುಂಡನ್ನು ಆರಿಸಿದರೂ ನಡೆಯುತ್ತದೆ. ಒಹಾಯೊ, ಅಯೋವಾದಂಥ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಕತ್ತು ಕಿರಿದಾಗದ, ನೇರ ಗೋಡೆಯ ಕೇಸಿನ ರೈಫಲ್ ತೋಟಾಗಳಿಗೆ ಮಾತ್ರ ಅವಕಾಶ ಕೊಟ್ಟಿದ್ದರಿಂದ 2019ರಲ್ಲಿ .350 ಲೆಜೆಂಡ್ ಹುಟ್ಟಿತು. ವೇಗದಲ್ಲಾಗಲಿ ಶಕ್ತಿಯಲ್ಲಾಗಲಿ ಅದು .270ಕ್ಕಿಂತ ಮೇಲಲ್ಲ, ಆದರೆ .270 ಬಳಸಲಾಗದ ಕಡೆ ಕಾನೂನುಬದ್ಧವಾಗಿ ಬಳಸಬಹುದು.

ಕೇಸಿನಲ್ಲೇ ನಿಜವಾದ ಹೊಸತನವಿರುವುದು 7 ಎಂಎಂ ಬ್ಯಾಕ್‌ಕಂಟ್ರಿಯಲ್ಲಿ. .30-06ರ ಒತ್ತಡದ ಮಿತಿ ಚದರ ಇಂಚಿಗೆ 60,000 ಪೌಂಡ್, .270 ಮತ್ತು 7 ಎಂಎಂ ಪಿಆರ್‌ಸಿಗಳದು 65,000. ಫೆಡರಲ್ ಕಂಪನಿಯ ಈ ತೋಟಾ ಹಿತ್ತಾಳೆಯ ಬದಲು ಉಕ್ಕಿನ ಮಿಶ್ರಲೋಹದ ಕೇಸಿನಿಂದ 80,000 ಪೌಂಡ್ ಒತ್ತಡವನ್ನು ತಾಳುತ್ತದೆ ಮತ್ತು 20 ಇಂಚಿನ ನಳಿಗೆಯಿಂದಲೇ 170 ಗ್ರೇನ್ ಗುಂಡನ್ನು ಸೆಕೆಂಡಿಗೆ 3,000 ಅಡಿ ವೇಗದಲ್ಲಿ ಕಳಿಸುತ್ತದೆ. ಶಬ್ದ ತಗ್ಗಿಸುವ ಸಪ್ರೆಸರ್ ಹಾಕಿ ಬೆಟ್ಟ ಹತ್ತುವವರಿಗೆ ಗಿಡ್ಡ ನಳಿಗೆ ದೊಡ್ಡ ಅನುಕೂಲ. ಆ ಒತ್ತಡಕ್ಕೆಂದೇ ತಯಾರಿಸಿದ ಕೋವಿಯಲ್ಲಿ ಮಾತ್ರ ಅದನ್ನು ಬಳಸಬೇಕೆಂಬುದನ್ನು ಮರೆಯಬಾರದು.

ಕೊನೆಗೆ, ಹಣ ಕೊಡುವ ಮುನ್ನ ನಿಮ್ಮ ಊರಿನ ಎರಡು ಮೂರು ಅಂಗಡಿಗಳ ಕಪಾಟನ್ನು ನೋಡಿ ಬನ್ನಿ. ಈ ಶತಮಾನದ ಆರಂಭದಲ್ಲಿ ಅಬ್ಬರದಿಂದ ಬಂದ ರೆಮಿಂಗ್ಟನ್‌ನ ಶಾರ್ಟ್ ಆಕ್ಷನ್ ಅಲ್ಟ್ರಾ ಮ್ಯಾಗ್ನಮ್‌ಗಳಿಗೆ ಇಂದು ತೋಟಾ ಹುಡುಕುವುದೇ ಕಷ್ಟ. ಕ್ರೀಡ್‌ಮೂರ್‌ನ ಕೇಸಿಗೆ ಮೂಲವಾದ .30 ಟಿಸಿಯೂ ಅಂಗಡಿಗಳಲ್ಲಿ ನಿಲ್ಲಲಿಲ್ಲ. ಒಳ್ಳೆಯ .270, .308 ಅಥವಾ .30-06 ಈಗಾಗಲೇ ಮನೆಯಲ್ಲಿದ್ದು ನಿಮ್ಮ ದೂರ 300 ಗಜದೊಳಗಿದ್ದರೆ, ಹೊಸ ಕೋವಿಯ ಹಣದಲ್ಲಿ ಒಳ್ಳೆಯ ಗುಂಡಿನ ತೋಟಾಗಳನ್ನು ಒಂದೇ ಲಾಟಿನಲ್ಲಿ (ಒಟ್ಟಿಗೆ ತಯಾರಾದ ಕಂತಿನಲ್ಲಿ) ಕೊಂಡು ಅಭ್ಯಾಸ ಮಾಡಿ. ಮೊದಲ ಕೋವಿಯನ್ನೇ ಕೊಳ್ಳುತ್ತಿರುವವರು 6.5 ಕ್ರೀಡ್‌ಮೂರ್ ಅಥವಾ .308ರಲ್ಲಿ ಒಂದನ್ನು ಆರಿಸಬಹುದು, ಎರಡಕ್ಕೂ ತೋಟಾ ಸುಲಭವಾಗಿ ಸಿಗುತ್ತದೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ 500 ಗಜದವರೆಗೆ ಹೊಡೆಯುವ ಅಭ್ಯಾಸವನ್ನು ನಿಜವಾಗಿ ಗಳಿಸಿಕೊಂಡವರಿಗೆ ಮಾತ್ರ 7 ಎಂಎಂ ಪಿಆರ್‌ಸಿಯ ಮೇಲೆ ಹಾಕುವ ಹಣ ಸಾರ್ಥಕವಾಗುತ್ತದೆ.